ಕೆಫಿರ್

ಜೀವಂತ ಸೂಕ್ಷ್ಮಜೀವಿಗಳಿರುವ ಕಾಳುಗಳನ್ನು ಹಾಲಿಗೆ ಹಾಕಿ ಹುದುಗಿಸಿ ಪಡೆಯುವ, ಹುಳಿರುಚಿಯ, ತುಸು ನೊರೆಗಟ್ಟುವ ಪೇಯ. ಮೂಲ ಕಾಕಸಸ್ ಪರ್ವತ ಪ್ರದೇಶ. ಅಲ್ಲಿನ ಪಶುಪಾಲಕರು ಇದನ್ನು ಚರ್ಮದ ಚೀಲಗಳಲ್ಲಿ ತಯಾರಿಸುತ್ತಿದ್ದರು. 20ನೆಯ ಶತಮಾನದ ಆರಂಭದಲ್ಲಿ ರಷ್ಯದಲ್ಲಿ ವಾಣಿಜ್ಯ ತಯಾರಿಕೆ ಮೊದಲಾಯಿತು.

ಕೆಫಿರ್ ಕಾಳು ಧಾನ್ಯವಲ್ಲ. ಹೂಕೋಸಿನ ಸಣ್ಣ ತುಣುಕಿನಂತೆ ಕಾಣುವ, ನಸುಹಳದಿ ಬಣ್ಣದ ಈ ಮೆತ್ತನೆಯ ಗಂಟಿನಲ್ಲಿ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯ, ಅಸಿಟಿಕ್ ಆಮ್ಲ ಬ್ಯಾಕ್ಟೀರಿಯ ಮತ್ತು ಯೀಸ್ಟ್‌ಗಳು ಪ್ರೋಟೀನು ಹಾಗೂ ಕೆಫಿರಾನ್ ಎಂಬ ಪಾಲಿಸ್ಯಾಕರೈಡಿನ ಜಾಲದಲ್ಲಿ ಸಹಜೀವನ ನಡೆಸುತ್ತವೆ. ಬ್ಯಾಕ್ಟೀರಿಯಗಳು ಲ್ಯಾಕ್ಟೋಸನ್ನು ಆಮ್ಲವಾಗಿಸಿದರೆ, ಯೀಸ್ಟ್ ಇಂಗಾಲದ ಡೈಆಕ್ಸೈಡನ್ನೂ ಅತ್ಯಲ್ಪ ಮದ್ಯಸಾರವನ್ನೂ ಉಂಟುಮಾಡುತ್ತದೆ. ಬ್ಯಾಕ್ಟೀರಿಯಗಳಿಂದಲೇ ಹೆಪ್ಪುಗಟ್ಟುವ ಸಾಮಾನ್ಯ ಮೊಸರಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಮನೆಯಲ್ಲಿ ಕಾಯಿಸಿ ಆರಿಸಿದ ಹಾಲಿಗೆ ಕಾಳು ಬೆರೆಸಿ, ಗಾಜಿನ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, 20–25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 24 ಗಂಟೆ ಇಡಲಾಗುತ್ತದೆ. ಸೆಖೆಯಲ್ಲಿ ಹುದುಗು ಬೇಗ ಏರಿ ಹಾಲೊಡಕು ಬೇರ್ಪಡುತ್ತದೆ. ಸೋಸಿ ಉಳಿದ ಕಾಳುಗಳನ್ನು ಮತ್ತೆ ಹೊಸ ಹಾಲಿಗೆ ಹಾಕಬಹುದು. ಅವು ಬಳಸಿದಂತೆ ಬೆಳೆಯುತ್ತವೆ. ಹುದುಗಿದ ಮೇಲೆ ಲ್ಯಾಕ್ಟೋಸ್ ಕಡಿಮೆಯಾದರೂ ಪೂರ್ತಿ ಇಲ್ಲವಾಗುವುದಿಲ್ಲ. ಸಕ್ಕರೆ ನೀರಿನಲ್ಲಿ ತಯಾರಾಗುವ ನೀರು ಕೆಫಿರ್‌ಗೆ ಬಳಸುವ ಕಾಳುಗಳು ಬೇರೆ.