ಅಂಬಿಗನ ವಿವೇಕ: ಗಲಿಲೇಯದಿಂದ ಕಾರಂಜಾದವರೆಗೆ

ಕಲ್ಯಾಣದ ಇತಿಹಾಸದಲ್ಲಿ ದೋಣಿಗೆ ಸ್ಥಾನವುಂಟೆಂದರೆ ಕೆಲವರಿಗೆ ಅಚ್ಚರಿಯಾದೀತು. ಕಡಲು ಇಲ್ಲಿಂದ ಬಹುದೂರ. ಆದರೂ 12ನೆಯ ಶತಮಾನದಲ್ಲಿ ಬಸವಣ್ಣನವರೊಡನೆ ಕೂಡಿದ ಶರಣರ ಸಮೂಹದಲ್ಲಿ ಅಂಬಿಗರ ಚೌಡಯ್ಯನವರಿದ್ದರು. ದೋಣಿ ನಡೆಸುವ ಕಾಯಕವೇ ಆ ವಚನಕಾರರ ಹೆಸರಿನ ಅಂಗವಾಯಿತು.

ಕಳೆದ ಶತಮಾನದ ಉತ್ತರಾರ್ಧದಲ್ಲಿ ಮಾಂಜ್ರಾ ನದಿಯ ಉಪನದಿಗಳಿಗೆ ಅಣೆಕಟ್ಟುಗಳು ಬಂದವು. ಹುಮನಾಬಾದಿನ ನೆರೆಯ ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ, ಬಸವಕಲ್ಯಾಣ ತಾಲ್ಲೂಕಿನಲ್ಲಿ ಚುಳಕಿನಾಲಾ ಜಲಾಶಯಗಳು ನಿರ್ಮಾಣವಾದವು. ಬಯಲುಸೀಮೆಯ ನಮ್ಮ ನಾಡಿನಲ್ಲಿಯೂ ಹೀಗೆ ಬಲೆ ಬೀಸಿ ಬದುಕುವ ಅವಕಾಶ ಹೆಚ್ಚಿತು. ಅದರೊಡನೆ ಅಪಾಯವೂ ಬಂದಿತು. ‘ಇದೇನು ಸಮುದ್ರವೇ?’ ಎಂಬ ಉದಾಸೀನವೇ ಆ ಅಪಾಯದ ಮೂಲ.

ಶುಭಸಂದೇಶಗಳಲ್ಲಿ ಸಮುದ್ರವೆಂದೂ ಕರೆಯಲ್ಪಟ್ಟಿರುವ ಗಲಿಲೇಯವು ವಾಸ್ತವವಾಗಿ ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್, ಅಗಲ ಹೆಚ್ಚೆಂದರೆ 13. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ತಗ್ಗಿನಲ್ಲಿರುವ ಅದರ ಮೇಲೆ ಸುತ್ತಲಿನ ಬೆಟ್ಟಗಳಿಂದ ಗಾಳಿ ಹಠಾತ್ತನೆ ಎರಗುತ್ತದೆ. 1986ರಲ್ಲಿ ಬರದಿಂದ ನೀರು ಇಳಿದಾಗ, ಪ್ರಭು ಯೇಸುವಿನ ಕಾಲಕ್ಕೆ ಸೇರಿದ್ದೆನ್ನಲಾದ ಮರದ ದೋಣಿಯೊಂದು ಅಲ್ಲಿಯ ಕೆಸರಿನಲ್ಲಿ ದೊರೆಯಿತು. ಅದರ ಉದ್ದ ಸುಮಾರು 8 ಮೀಟರ್, ಅಗಲ ಎರಡು ಮೀಟರಿಗೆ ತುಸು ಹೆಚ್ಚು. ಆ ನೀರಿನಲ್ಲೇ ಬೆಳೆದ ಬೆಸ್ತರು ಬಿರುಗಾಳಿಗೆ ಸಿಲುಕಿ, ಪ್ರಾಣಭಯದಿಂದ ಗುರುವನ್ನು ಎಬ್ಬಿಸಿದರೆಂಬುದನ್ನು ನಾವು ಮರೆಯಬಾರದು.

ಸಂತ ಪೌಲರ ನೌಕಾಯಾನವೂ ಇಂತಹದೇ ಪಾಠವನ್ನು ಹೇಳುತ್ತದೆ. ಕ್ರೇತ ದ್ವೀಪದಿಂದ ಮುಂದೆ ಹೋಗುವ ಕಾಲವಿದಲ್ಲವೆಂದು ಅವರು ಎಚ್ಚರಿಸಿದರು. ಶತಾಧಿಪತಿಯು ನಾವಿಕನ ಹಾಗೂ ಹಡಗಿನ ಒಡೆಯನ ಮಾತಿಗೆ ಮನ್ನಣೆ ಕೊಟ್ಟನು. ಮಂದವಾಗಿ ಬೀಸಿದ ತೆಂಕಣ ಗಾಳಿಯನ್ನು ನಂಬಿ ಲಂಗರೆತ್ತಿದವರನ್ನು ಚಂಡಮಾರುತವು ಹದಿನಾಲ್ಕು ರಾತ್ರಿಗಳ ಕಾಲ ಅಲೆದಾಡಿಸಿತು. ಪೌಲರು ದೇವರನ್ನು ನಂಬಿದರು. ಆದರೆ ಕೈಕಟ್ಟಿ ಕೂರಲಿಲ್ಲ. ಹಡಗಿನವರೂ ಸರಕನ್ನು ನೀರಿಗೆಸೆದು, ನೀರಿನ ಆಳವನ್ನು ಅಳೆದು, ನಾಲ್ಕು ಲಂಗರುಗಳನ್ನು ಇಳಿಬಿಟ್ಟರು. ಹಡಗು ಒಡೆಯಿತು, 276 ಜನರೂ ದಡ ಸೇರಿದರು.

ನಮ್ಮ ಜಲಾಶಯಗಳಲ್ಲಿಯೂ ಈ ವಿವೇಕವೇ ಬೇಕು. ಏಪ್ರಿಲ್–ಮೇ ತಿಂಗಳುಗಳ ಮಧ್ಯಾಹ್ನ ಮೋಡ ಕವಿದಾಗ ಮಳೆಗಿಂತ ಮೊದಲೇ ಗಾಳಿ ಬರುವುದುಂಟು. ವಿಶಾಲ ನೀರಿನ ಮೇಲೆ ಅದನ್ನು ತಡೆಯುವುದೇನೂ ಇಲ್ಲವಾದ್ದರಿಂದ ಒತ್ತೊತ್ತಾಗಿ ಕಡಿದಾದ ಅಲೆಗಳೇಳುತ್ತವೆ. ದುಂಡನೆಯ ಹರಿಗೋಲು ಗಾಳಿಗೆ ಸುಲಭವಾಗಿ ತಿರುಗುತ್ತದೆ. ಎಲ್ಲರೂ ಒಂದೇ ಬದಿಗೆ ಬಾಗಿ ಬಲೆಯೆಳೆದರೆ ಮಗುಚಿಕೊಳ್ಳುತ್ತದೆ. ಆದುದರಿಂದ ಹೊರಡುವ ಮುನ್ನ ಹವಾಮಾನದ ಮುನ್ಸೂಚನೆಯನ್ನು ಕೇಳಬೇಕು. ಎತ್ತ ಹೋಗುವೆವು, ಎಂದು ಮರಳುವೆವು ಎಂಬುದನ್ನು ಮನೆಯಲ್ಲಿ ತಿಳಿಸಬೇಕು. ಈಜು ಬಲ್ಲವನೂ ಲೈಫ್ ಜಾಕೆಟ್ ತೊಡಬೇಕು. ಗುಡುಗು ಕೇಳಿದೊಡನೆ ದಡ ಸೇರಿ, ಕಡೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯಬೇಕು. ಒಂಟಿಮರದ ಕೆಳಗೆ ನಿಲ್ಲಕೂಡದು. ನಡುನೀರಿನಲ್ಲಿ ಗಾಳಿಗೆ ಸಿಕ್ಕರೆ ಎದ್ದು ನಿಲ್ಲದೆ ತಗ್ಗಿ ಕುಳಿತುಕೊಳ್ಳಬೇಕು. ಬಲೆ ಎಳೆದಾಡಿದರೆ ಅದನ್ನು ಬಿಟ್ಟುಬಿಡಬೇಕು. ದೋಣಿ ಮಗುಚಿದರೆ ದೂರದ ದಡಕ್ಕೆ ಈಜಲು ಹೊರಡದೆ, ದೋಣಿಯನ್ನೇ ಹಿಡಿದಿರಬೇಕು.

ಬಲೆ ಹೋದರೆ ಸಾಲವಾದೀತು ಎಂಬ ಚಿಂತೆ ಬಡವನಿಗೆ ಸಣ್ಣದಲ್ಲ. ಆದರೆ ಬಲೆಯನ್ನು ಮತ್ತೆ ಹೆಣೆಯಬಹುದು. ಸಂಜೆ ದಾರಿ ಕಾಯುವ ಮನೆಯವರಿಗೆ ಬುಟ್ಟಿಯ ಮೀನಿಗಿಂತ ಮರಳಿ ಬಂದ ಮನುಷ್ಯನೇ ದೊಡ್ಡ ಸಂಪಾದನೆ.