ಹಣ್ಣಾಗಲೊಲ್ಲದ ಕಾಯಿ

ಪಗಡೆಯೆಂದೊಡನೆ ಧರ್ಮರಾಯನು ರಾಜ್ಯವನ್ನು ಪಣವಿಟ್ಟು ಸೋತ ಕಥೆಯೇ ನಮ್ಮ ಜನಕ್ಕೆ ನೆನಪಾಗುವುದು. ಆದರೆ ಆಟಗಳನ್ನು ಶಾಸ್ತ್ರವಿಷಯವೆಂದೆಣಿಸಿ ಬರೆದಿಟ್ಟ ಅರಸನೊಬ್ಬನು ಇಂದಿನ ಬಸವಕಲ್ಯಾಣವಾದ ನಮ್ಮ ಕಲ್ಯಾಣದಲ್ಲಿಯೇ ಆಳಿದನು. ಚಾಲುಕ್ಯವಂಶದ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ 5 ವಿಂಶತಿಗಳಲ್ಲಿ ಕಡೆಯದು ಕ್ರೀಡಾವಿಂಶತಿ. ಚದುರಂಗ, ಪಾಶಕ, ಕವಡೆಯಾಟಗಳು ಅದರಲ್ಲಿ ಉಕ್ತವಾಗಿವೆ.

ನಮ್ಮ ಮನೆಗಳ ಪಗಡೆಯೂ ಈ ದಾಳದಾಟಗಳ ಬಳಗದ್ದೇ. ಹಾಸಿನಲ್ಲಿ 96 ಮನೆಗಳು, ನಾಲ್ವರಿಗೆ 16 ಕಾಯಿಗಳು. ಎದುರುಬದುರು ಕುಳಿತ ಇಬ್ಬರದು ಒಂದು ಪಕ್ಷ. ಸುತ್ತು ಮುಗಿಸಿ ನಡುವನ್ನು ಸೇರಿದ ಕಾಯಿಯು ‘ಹಣ್ಣು’. ಬೇಗನೆ ಹಣ್ಣುಮಾಡುವವನೇ ಜಾಣನೆಂದು ಹೊಸಬನು ಭಾವಿಸುವನು. ಪಳಗಿದವನ ನಡೆ ಬೇರೆ. ಹಣ್ಣಾಗಲಿರುವ ಕಾಯಿಯನ್ನು ನಡುಸಾಲಿಗೆ ಹೊಗಿಸದೆ ಅವನು ಮತ್ತೊಂದು ಸುತ್ತಿಗೆ ಹೊರಡಿಸುತ್ತಾನೆ. ಇಬ್ಬರ 8 ಕಾಯಿಗಳೂ ಹಣ್ಣಾಗದೆ ಗೆಲುವಿಲ್ಲವಷ್ಟೆ? ತನ್ನವೆಲ್ಲವೂ ಒಳಹೊಕ್ಕರೆ ಹಿಂದುಳಿದ ಜೊತೆಗಾರನು ಇಬ್ಬರು ಎದುರಾಳಿಗಳ ನಡುವೆ ಒಂಟಿಯಾಗುವನು. ಹೊರಗುಳಿದ ಕಾಯಿಯಾದರೋ ಜೊತೆಗಾರನನ್ನು ಬೆನ್ನಟ್ಟಿದವರನ್ನು ಕಡಿಯಬಲ್ಲುದು. ತಾನೇ ಕಡಿಸಿಕೊಂಡರೆ ಮೊದಲಿನಿಂದ ಹೊರಡಬೇಕಾದ ಅಪಾಯವೂ ಉಂಟು. ಆ ಅಪಾಯವನ್ನು ಅರಿತೇ ಹೊರಡಿಸುವುದು ಜಾಣತನ. ಧರ್ಮರಾಯನ ಆಟದಲ್ಲಿ ತನ್ನವರು ಪಣವಾದರು; ಇಲ್ಲಿ ತನ್ನವನಿಗಾಗಿ ತನ್ನ ಗಳಿಕೆಯೇ ಪಣವಾಗುತ್ತದೆ.

ಅರಸನೇ ಬರೆದಿಡಲು ತಕ್ಕುದೆಂದು ಬಗೆದ ವಿಷಯವನ್ನು ನಾವು ಹುಡುಗಾಟವೆಂದು ತಳ್ಳುವುದು ತರವಲ್ಲ. ಇಂಥ ಉಪಾಯಗಳು ಹೆಚ್ಚಾಗಿ ಹಿರಿಯರ ಬಾಯಲ್ಲಿ ಉಳಿಯತಕ್ಕವು. ಕೇಳುವವರಿಲ್ಲದಿದ್ದರೆ ಅವರೊಡನೆಯೇ ಹೋಗತಕ್ಕವು. ಬಸವಕಲ್ಯಾಣ, ಹುಮನಾಬಾದು ತಾಲೂಕುಗಳ ಹಳೆಯ ಮನೆಗಳಲ್ಲಿ ಆಟದ ಕಟ್ಟಳೆಗಳನ್ನು ಕೇಳಿ ಬರೆದುಕೊಳ್ಳುವುದೂ ಶಾಸನಗಳನ್ನು ಓದುವಂತೆಯೇ ಚರಿತ್ರೆಯ ಕೆಲಸವು.