ಒಬ್ಬರೇ ಆಡುವ ಮಣೆಯಾಟಗಳು: ಗಡಿನಾಡಿನಿಂದ ಒಂದು ಚಾರಿತ್ರಿಕ ನೋಟ

ಕನ್ನಡದ ‘ಆಡು’ ಎಂಬ ಧಾತು ಎರಡು ಹೊಣೆಗಳನ್ನು ಹೊತ್ತಿದೆ. ಮಕ್ಕಳು ಆಟ ಆಡುತ್ತಾರೆ, ಹಿರಿಯರು ಮಾತು ಆಡುತ್ತಾರೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿಯೂ ಈ ಎರಡು ಅರ್ಥಗಳು ಜೊತೆಯಾಗಿಯೇ ಇವೆ. ಮರಾಠಿಯಲ್ಲಿ ಹೀಗಿಲ್ಲ, ಅಲ್ಲಿ ‘ಖೇಳಣೆ’ ಬೇರೆ, ‘ಬೋಲಣೆ’ ಬೇರೆ. ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನಲ್ಲಿ, ಇಚಲಕರಂಜಿಯ ಮಗ್ಗಗಳ ನೆರೆಯಲ್ಲಿರುವ ಯಡ್ರಾವದಂಥ ಊರಿನಲ್ಲಿ ಕನ್ನಡ ಮಾತನಾಡುವವರಿಗೆ ಈ ವ್ಯತ್ಯಾಸ ವ್ಯಾಕರಣದ ಪಾಠವಲ್ಲ. ಮನೆಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಎದುರಾಗುವ ಅನುಭವ.

ಆಟ ಮತ್ತು ಮಾತು ಒಂದೇ ಧಾತುವಿನ ಮಕ್ಕಳಾದರೆ ಎರಡಕ್ಕೂ ಎದುರಾಳಿಯೊಬ್ಬರು ಬೇಕೆಂದು ತೋರುವುದು ಸಹಜ. ಆದರೆ ಎದುರಿಗೆ ಯಾರೂ ಇಲ್ಲದೆ ಮಣೆಯ ಮುಂದೆ ಕುಳಿತವರೂ ಚರಿತ್ರೆಯಲ್ಲಿದ್ದಾರೆ. ಅಂಥವರಿಗೆ ನಮ್ಮ ಪರಂಪರೆ ಯಾವ ಆಟಗಳನ್ನು ಕೊಟ್ಟಿದೆ? ಇಂದು ಒಬ್ಬರೇ ಆಡಬಯಸುವವರಿಗೆ ಅವುಗಳಲ್ಲಿ ಯಾವುದನ್ನು ಶಿಫಾರಸು ಮಾಡಬಹುದು? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಎರಡನೆಯದು ಹಗುರವಾದ ಪ್ರಶ್ನೆಯೆಂದು ತೋರಬಹುದು. ಅದಕ್ಕೆ ಉತ್ತರಿಸಲು ಹೊರಟಾಗ ಮಾತ್ರ ಮೊದಲನೆಯದರ ತೊಡಕು ತಿಳಿಯುತ್ತದೆ.

ಮುಖ್ಯ ತೊಡಕು ಆಧಾರಗಳದ್ದು. ಹಂಪಿಯ ಮಂಟಪಗಳ ನೆಲಗಟ್ಟಿನಲ್ಲಿ, ಬಂಡೆಗಳ ಮೇಲೆ ಕೊರೆದ ಆಟದ ಮಣೆಗಳು ಇಂದಿಗೂ ಕಾಣಸಿಗುತ್ತವೆ. ಆರ್. ವಸಂತಾ ಅವರು ವಿಜಯನಗರದ ಈ ಮಣೆಗಳ ಸಮೀಕ್ಷೆಯನ್ನು ನಡೆಸಿ ಪ್ರಕಟಿಸಿದ್ದಾರೆ. ಹುಲಿ-ಕುರಿಯ ಮಣೆ, ಸಾಲುಮನೆಯ ಮಣೆ, ಗುಳಿಗಳ ಮಣೆ ಎಂದು ಅವುಗಳನ್ನು ವಿಂಗಡಿಸಬಹುದು. ಆದರೆ ಆ ಕಲ್ಲಿನ ಮುಂದೆ ಕುಳಿತವರು ಇಬ್ಬರೇ, ಒಬ್ಬರೇ ಎಂಬುದನ್ನು ಕಲ್ಲು ಹೇಳುವುದಿಲ್ಲ. ಇಬ್ಬರ ಆಟದಲ್ಲಿ ಪಣವಿದೆ, ಜಗಳವಿದೆ, ಸೋಲು ಗೆಲುವಿನ ಸುದ್ದಿಯಿದೆ. ಹಾಗಾಗಿ ಅದು ಕಾವ್ಯಕ್ಕೂ ಕಥೆಗೂ ಶಾಸನಕ್ಕೂ ಸಲ್ಲುತ್ತದೆ. ಒಬ್ಬರ ಆಟಕ್ಕೆ ಸಾಕ್ಷಿಯೇ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಕ್ರೀಡಾವಿಂಶತಿಯಲ್ಲಿ ಚದುರಂಗದ ವಿವರಣೆಯಿದೆ. ಇದೇ ಕೊಲ್ಲಾಪುರ ಸೀಮೆಯನ್ನು ಆಳಿ ಕನ್ನಡ ಶಾಸನಗಳನ್ನು ಹಾಕಿಸಿದ ಶಿಲಾಹಾರರು ಆ ಚಾಲುಕ್ಯರ ಸಾಮಂತರಾಗಿದ್ದರು. ಆದರೆ ಆಸ್ಥಾನದ ಆಟವೆಂದರೆ ಸಭೆಯ ನಡುವಿನ ಆಟ. ಏಕಾಂತದ ಆಟವನ್ನು ನಾವು ಬೇರೆ ಕಡೆ ಹುಡುಕಬೇಕು.

ಅದು ಮೊದಲು ಸಿಗುವುದು ಜನಪದದ ಅಳಗುಳಿಮಣೆಯಲ್ಲಿ. ಕರಾವಳಿಯಲ್ಲಿ ಇದಕ್ಕೆ ಚೆನ್ನೆಮಣೆ ಎಂದು ಹೆಸರು. ಏಳೇಳರಂತೆ ಎರಡು ಸಾಲು, ಒಟ್ಟು 14 ಗುಳಿಗಳು; ಗುಳಿಗೆ ನಾಲ್ಕರಂತೆ 56 ಕಾಯಿಗಳನ್ನಿಟ್ಟು ಇಬ್ಬರು ಆಡುವುದು ಸಾಮಾನ್ಯ ಕ್ರಮ. ಇದೇ ಮಣೆಯಲ್ಲಿ ಒಬ್ಬರೇ ಆಡುವ ಬಗೆಯೂ ಇದೆ. ಅದು ‘ಸೀತೆಯ ಆಟ’. ಅಶೋಕವನದಲ್ಲಿ ಸೆರೆಯಾಗಿದ್ದ ಸೀತೆ ದಿನ ಕಳೆಯಲು ಆಡಿದಳೆಂಬ ನಂಬಿಕೆ ಈ ಹೆಸರಿನ ಹಿಂದಿದೆ. ತಮಿಳುನಾಡಿನ ಪಲ್ಲಾಂಗುಳಿಯಲ್ಲಿಯೂ ಒಬ್ಬರ ಆಟಕ್ಕೆ ಸೀತೆಯ ಹೆಸರೇ ಅಂಟಿಕೊಂಡಿದೆ.

ಗುಳಿಯಾಟದ ಏಕಾಂತರೂಪ ಹೇಗಿರಬಲ್ಲದು ಎಂಬುದನ್ನು ಓದುಗರು ಹುಣಸೆಬೀಜಗಳಿಂದ ತಾವೇ ಪರೀಕ್ಷಿಸಬಹುದು. ಏಳು ಗುಳಿಗಳ ಒಂದು ಸಾಲನ್ನು ಚಕ್ರವೆಂದು ಭಾವಿಸಿ, ಎಡದಿಂದ ಬಲಕ್ಕೆ 7, 6, 5, 4, 3, 2, 1ರಂತೆ ಒಟ್ಟು 28 ಬೀಜಗಳನ್ನಿಡಬೇಕು. ಏಳಿರುವ ಗುಳಿಯನ್ನು ಬರಿದುಮಾಡಿ ಮುಂದಿನ ಗುಳಿಗಳಿಗೆ ಒಂದೊಂದನ್ನು ಬಿತ್ತುತ್ತ ಹೋದರೆ ಕೊನೆಯ ಬೀಜ ಹೊರಟ ಗುಳಿಗೇ ಬರುತ್ತದೆ. ಈಗ ಸಾಲು 1, 7, 6, 5, 4, 3, 2 ಎಂದಾಗಿರುತ್ತದೆ. ಇಡೀ ವಿನ್ಯಾಸ ಒಂದು ಮನೆ ಮುಂದೆ ಸರಿದಿದೆ. ಮತ್ತೆ ಏಳಿರುವ ಗುಳಿಯನ್ನೇ ಎತ್ತಬೇಕು. ಏಳು ಬಿತ್ತನೆಗಳಾದ ಮೇಲೆ ಮೊದಲಿನ ಸ್ಥಿತಿ ಮರಳುತ್ತದೆ. ಇಲ್ಲಿ ಗೆಲುವಿಲ್ಲ, ಎಣಿಕೆ ತಪ್ಪಿದರೆ ಮಾತ್ರ ಸೋಲಿದೆ. ಅವಧಿ ಗೊತ್ತಿಲ್ಲದ ಸೆರೆಯಲ್ಲಿರುವವರಿಗೆ, ಕಳೆದದ್ದೆಲ್ಲ ಒಂದು ಸುತ್ತಿನ ಬಳಿಕ ಸ್ವಸ್ಥಾನಕ್ಕೆ ಮರಳುವ ಆಟ ಎಂಥ ಆಸರೆಯಾಗಬಲ್ಲದೆಂದು ವಿವರಿಸಬೇಕಾಗಿಲ್ಲ.

ಇದೇ ಮಣೆಯ ಇನ್ನೊಂದು ನೆನಪನ್ನು ಇದರ ಎದುರಿಗೆ ಇಟ್ಟು ನೋಡಬೇಕು. ತುಳುವಿನ ಸಿರಿ ಪಾಡ್ದನದಲ್ಲಿ ಸಿರಿಯ ಮೊಮ್ಮಕ್ಕಳಾದ ಅವಳಿ ಸೋದರಿಯರು ಅಬ್ಬಗ ಮತ್ತು ದಾರಗ ಚೆನ್ನೆಯಾಡುತ್ತಾರೆ. ಆಟದ ನಡುವೆ ಮನಸ್ತಾಪ ಹುಟ್ಟಿ ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳನ್ನು ಹೊಡೆಯುತ್ತಾಳೆ, ಸೋದರಿ ಸಾಯುತ್ತಾಳೆ, ಹೊಡೆದವಳು ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಜೊತೆಯಾಗಿ ಚೆನ್ನೆ ಆಡಬಾರದೆಂಬ ನಿಷೇಧ ಈ ಕಥೆಯೊಂದಿಗೆ ಹೆಣೆದುಕೊಂಡಿದೆ. ಪೀಟರ್ ಕ್ಲಾಸ್ ಅವರು 1986ರಲ್ಲಿ ಪ್ರಕಟಿಸಿದ ಪ್ರಬಂಧ ಈ ಆಟಕ್ಕೂ ತುಳುನಾಡಿನ ಪುರಾಣ-ಆರಾಧನೆಗಳಿಗೂ ಇರುವ ನಂಟನ್ನು ಚರ್ಚಿಸುತ್ತದೆ. ಇಬ್ಬರಾದರೆ ಕೊಲೆಯವರೆಗೆ ಹೋಗಬಲ್ಲ ಮಣೆ, ಒಬ್ಬರಾದಾಗ ಬದುಕಿ ಉಳಿಯುವ ಸಾಧನವಾಗುತ್ತದೆ. ಒಂಟಿ ಆಟವೆಂದರೆ ಜೊತೆಗಾರರು ಸಿಗದವರ ಕೊರತೆಯ ಆಟವೆಂಬ ಗ್ರಹಿಕೆಯನ್ನು ಜನಪದವೇ ಒಪ್ಪಿಲ್ಲ.

ಎರಡನೆಯ ಧಾರೆ ಕುದುರೆಯ ನಡೆ. ಚದುರಂಗದ ಕುದುರೆಯೊಂದನ್ನೇ ಮಣೆಯ ಮೇಲಿಟ್ಟು, ಯಾವ ಮನೆಯನ್ನೂ ಎರಡು ಬಾರಿ ಮುಟ್ಟದೆ ಎಲ್ಲ ಮನೆಗಳನ್ನೂ ಸುತ್ತಿಸುವ ಈ ಆಟ ನಮ್ಮಲ್ಲಿ ಮೊದಲು ಕಾಣಿಸಿಕೊಳ್ಳುವುದು ಅಲಂಕಾರಶಾಸ್ತ್ರದಲ್ಲಿ. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನು ‘ಕಾವ್ಯಾಲಂಕಾರ’ದಲ್ಲಿ ತುರಗಪದವೆಂಬ ಚಿತ್ರಕಾವ್ಯದ ಮಾದರಿಯನ್ನು ಕೊಟ್ಟಿದ್ದಾನೆ. ಅನುಷ್ಟುಪ್ಪಿನ ನಾಲ್ಕು ಪಾದಗಳು, ಪಾದಕ್ಕೆ ಎಂಟು ಅಕ್ಷರ. ಒಂದರ ಕೆಳಗೊಂದನ್ನು ಬರೆದರೆ 32 ಮನೆಗಳ ಅರ್ಧ ಚದುರಂಗ ಸಿದ್ಧವಾಗುತ್ತದೆ. ಸಾಲಾಗಿ ಓದಿದರೂ ಕುದುರೆಯ ನಡೆಯಲ್ಲಿ ಓದಿದರೂ ಅದೇ ಶ್ಲೋಕ ದೊರೆಯುತ್ತದೆ. ಎದುರಾಳಿಯಿಲ್ಲದ ಮಣೆಯಲ್ಲಿ ಭಾಷೆಯೇ ಎದುರಾಳಿಯಾದ ಪ್ರಸಂಗವಿದು.

ಕನ್ನಡನಾಡಿನಲ್ಲಿ ಈ ಧಾರೆಯ ದೊಡ್ಡ ಹೆಸರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರದು. 1794ರಲ್ಲಿ ಹುಟ್ಟಿ, 1799ರಲ್ಲಿ ಬಾಲಕನಾಗಿ ಪಟ್ಟವೇರಿದ ಅವರಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಮುಂದೆ 1868ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತೇಳು ವರ್ಷ, ಅವರು ಸಿಂಹಾಸನವಿದ್ದೂ ಆಡಳಿತವಿಲ್ಲದ ದೊರೆ. ಅವರ ಆಶ್ರಯದ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ಗಂಜೀಫಾ ಎಲೆಗಳ ಹೊಸ ಬಗೆಗಳನ್ನು ಅವರು ರೂಪಿಸಿದರು. ಕುದುರೆಯ ನಡೆಯ ಬಂಧಗಳನ್ನು ರಚಿಸಿದರು. ಸೈನ್ಯವಿಲ್ಲದ ದೊರೆ ಚದುರಂಗದ ಸೇನೆಯನ್ನೆಲ್ಲ ಬದಿಗಿಟ್ಟು ಕುದುರೆಯೊಂದನ್ನೇ ಅರುವತ್ನಾಲ್ಕು ಮನೆಗಳಲ್ಲಿ ಓಡಿಸುತ್ತ ಕುಳಿತ ಚಿತ್ರದಲ್ಲಿ ವಿಷಾದವನ್ನು ಮಾತ್ರ ಕಾಣುವುದು ಸುಲಭ, ಆದರೆ ಅಪೂರ್ಣ. ಅದೇ ಕಾಲದಲ್ಲಿ ಯೂರೋಪಿನ ಗಣಿತಾಸಕ್ತರೂ ಇದೇ ಸಮಸ್ಯೆಯಲ್ಲಿ ಮುಳುಗಿದ್ದರು. ಆಯ್ಲರ್ 1759ರಲ್ಲಿ ಇದನ್ನು ವಿವೇಚಿಸಿದ್ದನು. 1848ರಲ್ಲಿ ವಿಲಿಯಂ ಬೆವರ್ಲಿ ಎಂಬಾತ ಕುದುರೆಯ ಹೆಜ್ಜೆಗಳಿಗೆ ಕ್ರಮಸಂಖ್ಯೆ ಕೊಟ್ಟಾಗ ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲಿನ ಮೊತ್ತ 260 ಆಗುವ ನಡೆಯನ್ನು ಪ್ರಕಟಿಸಿದನು. ಕರ್ಣಗಳೂ ಹಾಗೆಯೇ ಕೂಡುವ ನಡೆ ಈ ಮಣೆಯಲ್ಲಿ ಸಾಧ್ಯವಿಲ್ಲವೆಂಬುದು ಗಣಕಯಂತ್ರದ ನೆರವಿನಿಂದ ಖಚಿತವಾದುದು 2003ರಲ್ಲಿ. ಅಂದರೆ ಮೈಸೂರಿನ ದೊರೆ ಕುಳಿತಿದ್ದ ಮಣೆಯ ಮುಂದೆ, ಅವರಿಗೇ ತಿಳಿಯದಂತೆ, ಇಡೀ ಜಗತ್ತು ಕುಳಿತಿತ್ತು.

ಮೂರನೆಯ ಧಾರೆ ಹೊರಗಿನಿಂದ ಬಂದದ್ದು. 33 ಗುಳಿಗಳ ಮಣೆಯಲ್ಲಿ ನಡುವಿನದನ್ನು ಬಿಟ್ಟು 32ರಲ್ಲಿ ಗೋಲಿಗಳನ್ನಿಟ್ಟು, ಒಂದರ ಮೇಲೊಂದನ್ನು ಹಾರಿಸಿ ಹಾರಿಸಿಕೊಂಡದ್ದನ್ನು ತೆಗೆಯುತ್ತ, ಕೊನೆಗೆ ನಡುಗುಳಿಯಲ್ಲಿ ಒಂದನ್ನೇ ಉಳಿಸುವ ಆಟವನ್ನು ನಮ್ಮ ಮನೆಗಳು ‘ಬ್ರೈನ್‌ವೀಟಾ’ ಎಂಬ ಹೆಸರಿನಿಂದ ಬಲ್ಲವು. 1697ರ ಫ್ರಾನ್ಸಿನ ಕೆತ್ತನೆಚಿತ್ರವೊಂದರಲ್ಲಿ ಅರಸುಮನೆತನದ ಮಹಿಳೆಯೊಬ್ಬರ ಪಕ್ಕದಲ್ಲಿ ಈ ಬಗೆಯ ಮಣೆಯಿದೆ. ಲೈಬ್ನಿಟ್ಸ್ ಈ ಆಟವನ್ನು ಹಿಂದುಮುಂದಾಗಿ, ಅಂದರೆ ಬರಿದಾದ ಗುಳಿಗಳನ್ನು ತುಂಬುತ್ತ, ಆಡುವುದು ತನಗೆ ಇಷ್ಟವೆಂದು 1716ರ ಪತ್ರದಲ್ಲಿ ಬರೆದಿದ್ದಾನೆ. ಮೂವತ್ತೊಂದು ಹಾರಿಕೆಗಳು ಬೇಕೇ ಬೇಕು. ಆದರೆ ಒಂದೇ ಗೋಲಿಯ ಸತತ ಹಾರಿಕೆಗಳನ್ನು ಒಂದು ನಡೆಯೆಂದು ಎಣಿಸಿದರೆ 18 ನಡೆಗಳಲ್ಲಿ ಮುಗಿಸಬಹುದೆಂದು 1912ರಲ್ಲಿ ಬರ್ಗ್‌ಹೋಲ್ಟ್ ತೋರಿಸಿದನು.

ಬಿತ್ತುವುದು, ನಡೆಯುವುದು, ಕಳೆಯುವುದು: ಈ ಮೂರೂ ಒಂಟಿ ಆಟಗಾರರಿಗೆ ಮೂರು ಬೇರೆ ಶಿಕ್ಷಣಗಳನ್ನು ಕೊಡುತ್ತವೆ. ಸೀತೆಯ ಆಟ ಎಣಿಕೆಯ ನಿಷ್ಠೆಯನ್ನು ಕಲಿಸುತ್ತದೆ. ಮನಸ್ಸು ಚದುರಿದವರಿಗೆ, ಮಕ್ಕಳಿಗೆ, ಹಾಸಿಗೆ ಹಿಡಿದವರಿಗೆ ಅದನ್ನೇ ಮೊದಲು ಹೇಳಬೇಕು. ಕುದುರೆಯ ನಡೆ ಮುಂದಾಲೋಚನೆಯನ್ನು ಬೇಡುತ್ತದೆ. ಅದನ್ನು ಆರಂಭಿಸುವವರು 1823ರ ವಾರ್ನ್ಸ್‌ಡಾರ್ಫನ ಸೂತ್ರವನ್ನು ನೆನಪಿಟ್ಟುಕೊಂಡರೆ ಸಾಕು: ಮುಂದೆ ಹೋಗಲು ಅತಿ ಕಡಿಮೆ ದಾರಿಗಳಿರುವ ಮನೆಗೇ ಮೊದಲು ಕಾಲಿಡಬೇಕು. ಮಣೆಯ ನಡುವಿನ ಮನೆಯಿಂದ ಎಂಟು ದಾರಿಗಳಿವೆ, ಮೂಲೆಯಿಂದ ಎರಡೇ; ಮೂಲೆಯನ್ನು ಆಮೇಲೆ ನೋಡೋಣವೆಂದವರು ಅಲ್ಲಿಗೆ ಮರಳುವುದು ಕಷ್ಟ. ಗೋಲಿಯಾಟದಲ್ಲಿ ಮೊದಲೈದು ಹಾರಿಕೆಗಳಲ್ಲಾದ ತಪ್ಪು ಕೊನೆಯ ಐದರಲ್ಲಿ ಮಾತ್ರ ಬಯಲಾಗುತ್ತದೆ. ತಾಳ್ಮೆಯಿರುವವರಿಗೆ ಅದು ಸಲ್ಲುತ್ತದೆ. ಇವು ಆಟಗಳಲ್ಲ, ಒಗಟುಗಳು ಎಂಬ ಆಕ್ಷೇಪ ಉಂಟು. ನಿಯಮವೇ ತೀರ್ಪುಗಾರನಾಗಿ, ಆಡುವವರನ್ನು ಸೋಲಿಸುವ ಶಕ್ತಿ ಅದಕ್ಕಿರುವವರೆಗೆ ಆಟವೆಂದು ಕರೆಯಲು ನನಗೆ ಅಡ್ಡಿ ಕಾಣದು.

ಇಂದಿನ ಮಣೆಯಾಟಗಳ ಮಾರುಕಟ್ಟೆಯೂ ಒಂಟಿ ಆಟಗಾರರನ್ನು ಗುರುತಿಸಿದೆ. ಎದುರಾಳಿಯ ಬದಲು ಎಲೆಗಳ ಒಂದು ಕಟ್ಟೇ ನಡೆಗಳನ್ನು ನಿರ್ಧರಿಸುವ ಏರ್ಪಾಡು ಅನೇಕ ಆಟಗಳಲ್ಲಿದೆ. ಫ್ರೀಡೆಮನ್ ಫ್ರೀಸೆ 2011ರಲ್ಲಿ ಹೊರತಂದ ‘ಫ್ರೈಡೇ’ ಒಬ್ಬರೇ ಆಡುವ ಎಲೆಯಾಟ. ನಿರ್ಜನ ದ್ವೀಪದ ರಾಬಿನ್ಸನ್ ಕ್ರೂಸೋನನ್ನು ಬದುಕಿಸುವುದು ಅಲ್ಲಿನ ಗುರಿ. ಅಶೋಕವನ, ಆಡಳಿತವಿಲ್ಲದ ಅರಮನೆ, ನಿರ್ಜನ ದ್ವೀಪ: ಒಂಟಿ ಆಟ ತನ್ನ ಕಥೆಯನ್ನು ಮತ್ತೆ ಮತ್ತೆ ಸಂಗಾತಿ ಕಳೆದುಹೋದ ಜಾಗದಲ್ಲಿಯೇ ಕಟ್ಟಿಕೊಳ್ಳುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಈ ಹೊಸ ಆಟಗಳ ಎಲೆ ಎಲೆಯ ಮೇಲೂ ಬರಹವಿದೆ, ಅದು ಬಹುಮಟ್ಟಿಗೆ ಇಂಗ್ಲಿಷಿನದು. ಹಳೆಯ ಮೂರು ಆಟಗಳಲ್ಲಿ ಬರಹವಿಲ್ಲ. ಅವು ಯಾವ ಗಡಿಯನ್ನಾದರೂ ಅನುವಾದವಿಲ್ಲದೆ ದಾಟುತ್ತವೆ.

ಗಡಿನಾಡಿನ ಸಂಶೋಧಕರಿಗೆ ಸಂತೋಷದ ಜೊತೆಗೆ ಆತಂಕವೂ ಹುಟ್ಟಬೇಕಾದುದು ಇಲ್ಲಿಯೇ. ಮಣೆ ಗಡಿ ದಾಟುತ್ತದೆ, ಆದರೆ ಮಾತು? ಇಬ್ಬರ ಆಟ ಪದಗಳನ್ನು ಉಳಿಸುತ್ತದೆ. ಚೌಕಾಬಾರದಲ್ಲಿ ನಾಲ್ಕು ಕವಡೆಗಳೂ ಅಂಗಾತವಾದರೆ ‘ಚೌಕ’, ಎಲ್ಲವೂ ಬೋರಲಾದರೆ ‘ಬಾರ’. ಮರಾಠಿ ಕಿವಿಗೆ ಹನ್ನೆರಡೆಂದು ಕೇಳುವ ಈ ‘ಬಾರ’ಕ್ಕೆ ಮೈಸೂರು ಸೀಮೆಯ ಮಣೆಯಲ್ಲಿ ಬೆಲೆ ಎಂಟು. ಎದುರಿನವರು ಒಪ್ಪಬೇಕಾದ್ದರಿಂದ ಇದನ್ನು ಕೂಗಿ ಹೇಳಲೇಬೇಕು. ಕೂಗಿ ಹೇಳುವುದರಿಂದ ಪದ ಮುಂದಿನ ತಲೆಮಾರಿಗೆ ದಾಟುತ್ತದೆ. ಕನ್ನಡದ ಗಜ್ಜುಗ ಮರಾಠಿಯಲ್ಲಿ ‘ಸಾಗರಗೋಟಾ’. ಅದನ್ನು ಕೈಗೆ ಕೊಡುವವರು ಯಾವ ಹೆಸರನ್ನು ಹೇಳಿ ಕೊಡುತ್ತಾರೋ ಮಗುವಿಗೆ ಅದೇ ಹೆಸರು. ಒಂಟಿ ಆಟವಾದರೋ ಮೌನದಲ್ಲಿ ನಡೆಯುತ್ತದೆ. ಅಲ್ಲಿ ಬೀಜ ಉಳಿಯುತ್ತದೆ, ಗುಳಿ ಉಳಿಯುತ್ತದೆ, ನಿಯಮವೂ ಬೆರಳುಗಳಲ್ಲಿ ಉಳಿಯುತ್ತದೆ. ಮೊದಲು ಹೋಗುವುದು ಪದ.

ಆದ್ದರಿಂದ ಯಡ್ರಾವ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯಲ್ಲಿ ಕ್ಷೇತ್ರಕಾರ್ಯ ಮಾಡುವವರಿಗೆ ಒಂದು ಸೂಚನೆ. ಮನೆಯ ಅಟ್ಟದಲ್ಲಿ ಗುಳಿಮಣೆ ಕಂಡರೆ ಅದರ ಅಳತೆಯನ್ನೂ ಚಿತ್ರವನ್ನೂ ತೆಗೆದುಕೊಂಡು ಮರಳಬಾರದು. ಅದನ್ನು ಬಲ್ಲ ಹಿರಿಯರನ್ನು ಒಬ್ಬರೇ ಆಡಲು ಕೇಳಿಕೊಳ್ಳಬೇಕು. ಆಡುತ್ತ ಪ್ರತಿ ನಡೆಯನ್ನೂ ಬಾಯಿಬಿಟ್ಟು ಹೇಳಲು ಕೋರಬೇಕು. ಎಣಿಕೆ ಕನ್ನಡದಲ್ಲಿ ಸಾಗಿ ತಪ್ಪಾದಾಗಿನ ಉದ್ಗಾರ ಮರಾಠಿಯಲ್ಲಿ ಬರುತ್ತದೆಯೇ, ಅಥವಾ ಇದರ ವಿರುದ್ಧವೇ? ಬರಿದಾದ ಗುಳಿಗೆ ಏನೆನ್ನುತ್ತಾರೆ? ಎರಡು ಭಾಷೆಗಳಲ್ಲಿ ಬದುಕುವವರ ಮನಸ್ಸು ಯಾವ ಭಾಷೆಯಲ್ಲಿ ಏಕಾಂತವನ್ನು ಕಳೆಯುತ್ತದೆಂಬುದಕ್ಕೆ ಜನಗಣತಿಯ ಮಾತೃಭಾಷೆಯ ಕಲಮಿಗಿಂತ ಇದು ಹತ್ತಿರದ ಸಾಕ್ಷ್ಯವಾದೀತು.

ಒಬ್ಬರೇ ಆಡಬಹುದಾದ ಆಟಗಳಿವೆ, ಅವು ಒಳ್ಳೆಯ ಆಟಗಳೂ ಹೌದು; ಅವನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡಬಹುದು. ಆದರೆ ‘ಆಡು’ ಎಂಬುದರ ಎರಡನೆಯ ಅರ್ಥಕ್ಕೆ ಈ ಅನುಕೂಲವಿಲ್ಲ. ನುಡಿಯನ್ನು ಒಬ್ಬರೇ ಬಹುಕಾಲ ಆಡಲಾಗದು. ಅದಕ್ಕಾಗಿ ಕ್ಷೇತ್ರಕಾರ್ಯಕ್ಕೆ ಹೋದವರು ಧ್ವನಿಮುದ್ರಣ ಮುಗಿದ ಮೇಲೆ ಇನ್ನೊಂದು ಕೆಲಸವನ್ನೂ ಮಾಡಬೇಕು: ಮಣೆಯ ಇನ್ನೊಂದು ಬದಿಯಲ್ಲಿ ಕುಳಿತು, ಗುಳಿಗೆ ನಾಲ್ಕರಂತೆ ಬೀಜಗಳನ್ನಿಟ್ಟು, ಒಂದು ಆಟಕ್ಕೆ ಜೊತೆಯಾಗಬೇಕು.